ಬಾಯಿ ತೊಳೆಸುವ ಕೆಲಸದಿಂದ ಪಿಎಚ್.ಡಿ.ವರೆಗೆ

ಕರ್ನಾಟಕದ ಹಳೆಯ ನರ್ಸಿಂಗ್ ಕಾಲೇಜುಗಳ ಗ್ರಂಥಾಲಯದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಬಂಧಗಳನ್ನು ಇರಿಸಿದ ಒಂದು ಕಪಾಟು ಇದ್ದೇ ಇರುತ್ತದೆ. ಅದರ ಮುಂದೆ ನಿಂತು ರಟ್ಟಿನ ಬೆನ್ನಿನ ಮೇಲಿನ ಬಂಗಾರದ ಅಕ್ಷರಗಳನ್ನು ಓದುತ್ತ ಹೋದರೆ, ವಿಷಯ ಬೇರೆಯಾದರೂ ಶೀರ್ಷಿಕೆಯ ಕಟ್ಟು ಬದಲಾಗುವುದು ಅಪರೂಪ ಎಂಬುದು ಗಮನಕ್ಕೆ ಬರುತ್ತದೆ. ಇಂತಹ ಕಾಯಿಲೆಯ ಕುರಿತು ಇಂತಹವರಿಗೆ ಇರುವ ಜ್ಞಾನದ ಮೇಲೆ ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮವೇನು ಎಂಬುದೇ ಬಹುಪಾಲು ಪ್ರಬಂಧಗಳ ಪ್ರಶ್ನೆ. ಮೊದಲೊಂದು ಪ್ರಶ್ನಾವಳಿ, ನಡುವೆ ಚಾರ್ಟು ಹಿಡಿದು ಮುಕ್ಕಾಲು ಗಂಟೆಯ ಪಾಠ, ಒಂದು ವಾರ ಕಳೆದು ಅದೇ ಪ್ರಶ್ನಾವಳಿ, ಕೊನೆಗೆ ಅಂಕಗಳು ಏರಿವೆ ಎಂದು ಹೇಳುವ ಒಂದು ಕೋಷ್ಟಕ. ನಮ್ಮ ವಲಯದಲ್ಲಿ ಇದನ್ನು ‘ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ’, ಚಿಕ್ಕದಾಗಿ ಎಸ್‌ಟಿಪಿ ಎಂದು ಕರೆಯುತ್ತೇವೆ. ನನ್ನ ಎಂ.ಎಸ್ಸಿ. ಪ್ರಬಂಧವೂ ಅದೇ ಕಪಾಟಿನಲ್ಲಿದೆ. ಎರಡು ವರ್ಷದ ಕೋರ್ಸಿನಲ್ಲಿ ತರಗತಿ, ವಾರ್ಡ್ ಪೋಸ್ಟಿಂಗ್, ಪರೀಕ್ಷೆಗಳ ನಡುವೆ ಕೈಯಿಂದ ಹಣ ಹಾಕಿ ಸಂಶೋಧನೆ ಮುಗಿಸಬೇಕಾದ ವಿದ್ಯಾರ್ಥಿನಿ, ಅನುಮತಿ ಸುಲಭವಾಗಿ ಸಿಗುವ, ಯಾರಿಗೂ ತೊಂದರೆಯಾಗದ, ಫಲಿತಾಂಶ ಖಚಿತವಾಗಿ ಬರುವ ದಾರಿಯನ್ನು ಹಿಡಿಯುವುದು ಸಹಜ. ಪಾಠ ಕೇಳಿದವರಿಗೆ ಒಂದು ವಾರದ ಮಟ್ಟಿಗೆ ಪಾಠ ನೆನಪಿರುತ್ತದೆ ಎಂಬುದನ್ನು ಮತ್ತೆ ಮತ್ತೆ ಸಾಬೀತು ಮಾಡುವುದರಿಂದ ಮಂಚದ ಮೇಲೆ ಮಲಗಿದ ರೋಗಿಗೆ ಏನು ದಕ್ಕಿತು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ನಾನು ಪಿಎಚ್.ಡಿ. ಮಾಡಿದ್ದಕ್ಕೆ, ಮಾಡಿದ ಮೇಲೂ ವಾರ್ಡ್ ಬಿಡದಿರುವುದಕ್ಕೆ ಆ ಪ್ರಶ್ನೆಯೇ ಕಾರಣವಾದ್ದರಿಂದ ಅಲ್ಲಿಂದಲೇ ಹೇಳಲು ತೊಡಗಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವಳು. ಬೆಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಅಲ್ಲಿಯದೇ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿದೆ. ಕರ್ನಾಟಕದಲ್ಲಿ ಕ್ಯಾನ್ಸರ್ ಎಂದರೆ ಜನರ ಬಾಯಿಗೆ ಮೊದಲು ಬರುವ ಹೆಸರು 1973ರಲ್ಲಿ ಆರಂಭವಾದ ಕಿದ್ವಾಯಿಯದು. ನಾನಿದ್ದದ್ದು ಬೇರೆಡೆಯಾದರೂ ರೋಗಿಗಳು ಬರುತ್ತಿದ್ದದ್ದು ಅದೇ ಊರುಗಳಿಂದ, ಅದೇ ರೈಲು ಬಸ್ಸುಗಳಲ್ಲಿ. ನನಗೆ ಹಾಕಿದ್ದು ವಿಕಿರಣ ಚಿಕಿತ್ಸೆಯ ವಾರ್ಡಿಗೆ. ಅಲ್ಲಿ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರಿನವರೇ ಹೆಚ್ಚು. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಎಲೆಅಡಿಕೆಗಳನ್ನು ಕೆನ್ನೆಯ ಒಳಗೆ ಒತ್ತಿಟ್ಟುಕೊಂಡು ವರ್ಷಗಟ್ಟಲೆ ಕಳೆದವರಿಗೆ ಗಡ್ಡೆ ಹುಟ್ಟುವುದು ಬಹುಮಟ್ಟಿಗೆ ಅದೇ ಜಾಗದಲ್ಲಿ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಒಂದು ಎಂದು ಜೋಡಿಯಾಗಿ ಮಾರಾಟವಾಗುತ್ತಿರುವುದನ್ನು ಎಲ್ಲರೂ ನೋಡಿದ್ದಾರೆ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಪ್ರಕಟಿಸಿದೆ. ಅಡಿಕೆ ತೋಟದ ಊರಿನಲ್ಲಿ ಹುಟ್ಟಿದವಳು ಇದನ್ನು ಊರಿನಲ್ಲಿ ಹೇಳುವುದು ಎಷ್ಟು ಕಷ್ಟ ಎಂಬುದು ಬೇರೆಯೇ ಕಥೆ.

ಬಾಯಿ, ಗಂಟಲಿನ ಭಾಗಕ್ಕೆ ವಿಕಿರಣ ಚಿಕಿತ್ಸೆ ಎಂದರೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ (ಗ್ರೇ ಎಂಬುದು ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ), ವಾರಕ್ಕೆ ಐದು ದಿನ, ಆರರಿಂದ ಏಳು ವಾರಗಳ ಕಾಲ ಒಟ್ಟು 60ರಿಂದ 70 ಗ್ರೇ. ಹಲವರಿಗೆ ಜೊತೆಯಲ್ಲಿಯೇ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿಯ ಡ್ರಿಪ್ ಕೂಡ ಇರುತ್ತದೆ. ರೋಗಿಗಳು ಇದನ್ನು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಮೊದಲ ವಾರ ಏನೂ ಆಗುವುದಿಲ್ಲ. ಕರೆಂಟಿಗೆ ಹೆದರಿ ಬಂದವರು ಇಷ್ಟೇನಾ ಎಂದು ನಗುತ್ತಾರೆ. ಎರಡನೆಯ ವಾರದ ಕೊನೆಯ ಹೊತ್ತಿಗೆ ಬಾಯಿಯ ಒಳಪೊರೆ ಕೆಂಪಾಗುತ್ತದೆ, ಮೂರನೆಯ ವಾರದಲ್ಲಿ ಅಲ್ಲಲ್ಲಿ ಸುಲಿದು ಬಿಳಿಯ ಪೊರೆ ಕಟ್ಟಿದ ಹುಣ್ಣುಗಳಾಗುತ್ತವೆ. ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ, ಮುದ್ದೆ ನುಂಗಲಾಗುವುದಿಲ್ಲ, ಆಮೇಲೆ ಗಂಜಿಯೂ ಇಳಿಯುವುದಿಲ್ಲ, ಕೊನೆಗೆ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಬೇಕಾಗುತ್ತದೆ. ಈ ಸ್ಥಿತಿಗೆ ಮ್ಯೂಕೋಸೈಟಿಸ್ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಮಾಪನದಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆಗಳಿದ್ದು, ಗಟ್ಟಿ ಆಹಾರ ತಿನ್ನಲಾಗದೆ ದ್ರವಕ್ಕೆ ಇಳಿದರೆ ಮೂರು, ಬಾಯಿಂದ ಏನನ್ನೂ ತೆಗೆದುಕೊಳ್ಳಲಾಗದಿದ್ದರೆ ನಾಲ್ಕು. ನೋವು ತಾಳಲಾರದೆ ರೋಗಿ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿ ಊರಿಗೆ ಹೋಗಿಬಿಡುವುದೇ ಇದರ ದೊಡ್ಡ ಅಪಾಯ. ವಿಕಿರಣ ಚಿಕಿತ್ಸೆ ಒಂದೊಂದು ದಿನ ಹೆಚ್ಚು ಎಳೆದಾಗಲೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟಾದರೂ ಕುಗ್ಗುತ್ತದೆ ಎಂಬುದು ತಜ್ಞರ ಲೆಕ್ಕ. ಆದ್ದರಿಂದ ಬಾಯಿಹುಣ್ಣು ಬರಿಯ ಬಾಯಿಹುಣ್ಣಲ್ಲ. ರೋಗಿ ಉಳಿಯುವುದಕ್ಕೂ ಅದಕ್ಕೂ ಸಂಬಂಧವಿದೆ.

ಇಂತಹ ಬಾಯಿಯ ಆರೈಕೆ ಪೂರ್ತಿಯಾಗಿ ದಾದಿಯರ ಕೈಯಲ್ಲಿತ್ತು, ಆದರೆ ಅದಕ್ಕೊಂದು ಕ್ರಮವೆಂಬುದು ಇರಲಿಲ್ಲ. ಕೇಸ್ ಶೀಟಿನಲ್ಲಿ ವೈದ್ಯರು ‘ಓರಲ್ ಕೇರ್’ ಎಂದು ಎರಡು ಪದ ಬರೆದಿರುತ್ತಿದ್ದರು. ಅದರ ಅರ್ಥವೇನು ಎಂಬುದನ್ನು ಆ ಪಾಳಿಯ ಸಿಸ್ಟರ್ ನಿರ್ಧರಿಸುತ್ತಿದ್ದರು. ಒಬ್ಬರು ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರಾವಣದ ಬಾಟಲಿ ತರಿಸಿದರೆ, ಇನ್ನೊಬ್ಬರು ಬೆಟಾಡಿನ್ ಗಾರ್ಗಲ್ ಎನ್ನುತ್ತಿದ್ದರು, ಮತ್ತೊಬ್ಬರು ಮರಗಟ್ಟಿಸುವ ಜೆಲ್ಲನ್ನು ಊಟಕ್ಕೆ ಮುಂಚೆ ಸವರಿಸುತ್ತಿದ್ದರು. ನಮ್ಮ ಇನ್‌ಚಾರ್ಜ್ ಸಿಸ್ಟರ್ ಮಾತ್ರ ಕುದಿಸಿ ಆರಿಸಿದ ನೀರಿಗೆ ಉಪ್ಪು ಮತ್ತು ಅಡುಗೆ ಸೋಡಾ ಹಾಕಿಸಿ ಮುಕ್ಕಳಿಸಿರಿ ಎಂದು ಹೇಳಿ, ಟಾರ್ಚು ಹಿಡಿದು ತಾವೇ ಪ್ರತಿಯೊಬ್ಬರ ಬಾಯೊಳಗೆ ನೋಡುತ್ತಿದ್ದರು. ಅವರ ಪಾಳಿಯಲ್ಲಿ ರೋಗಿಗಳು ಸ್ವಲ್ಪ ಸುಧಾರಿಸಿದಂತೆ ನಮಗೆ ತೋರುತ್ತಿತ್ತು. ಅದು ಸೋಡಾದ ಗುಣವೋ, ಟಾರ್ಚಿನದೋ, ಅವರ ಗದರಿಕೆಯದೋ ಎಂದು ರಾತ್ರಿ ಪಾಳಿಯಲ್ಲಿ ನಾವು ಕಿರಿಯರು ಮಾತಾಡಿಕೊಳ್ಳುತ್ತಿದ್ದೆವು. ಅದೊಂದು ಸಂಶೋಧನಾ ಪ್ರಶ್ನೆ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ಸಂಶೋಧನೆ ಎಂದರೆ ಪ್ರಶ್ನಾವಳಿ ಎಂದು ನಾವು ಕಲಿತಿದ್ದೆವು.

ಎಂ.ಎಸ್ಸಿ.ಗೆ ಸೇರಿದ ಮೇಲೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯದ ಮೂಲಕ ವಿದೇಶಿ ನಿಯತಕಾಲಿಕಗಳು ಓದಲು ಸಿಗತೊಡಗಿದವು. ಅಲ್ಲಿ ಮೊದಲ ಬಾರಿಗೆ ಮೇರಿಲಿನ್ ಡಾಡ್ ಅವರ ಹೆಸರು ಕಂಡೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯಲ್ಲಿ ಪ್ರಾಧ್ಯಾಪಕಿಯಾಗಿದ್ದ ಅವರು, ಕ್ಯಾನ್ಸರ್ ರೋಗಿಗಳು ಮನೆಯಲ್ಲಿ ತಮ್ಮ ತೊಂದರೆಗಳನ್ನು ತಾವೇ ಹೇಗೆ ನಿಭಾಯಿಸಬಹುದು ಎಂಬ ಒಂದೇ ವಿಷಯವನ್ನು ದಶಕಗಳ ಕಾಲ ಹಿಡಿದು ಕೆಲಸ ಮಾಡಿದವರು. 1996ರಲ್ಲಿ ಅವರ ತಂಡ ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಿದವರನ್ನೂ ಬರಿಯ ನೀರಿನಿಂದ ಮುಕ್ಕಳಿಸಿದವರನ್ನೂ ಹೋಲಿಸಿ, ಕೀಮೋದಿಂದಾಗುವ ಮ್ಯೂಕೋಸೈಟಿಸ್ ತಡೆಯುವುದರಲ್ಲಿ ವ್ಯತ್ಯಾಸವಿಲ್ಲ ಎಂದು ತೋರಿಸಿತ್ತು. 2000ದ ಅಧ್ಯಯನದಲ್ಲಿ ಉಪ್ಪು ಸೋಡಾ ನೀರು, ಕ್ಲೋರ್‌ಹೆಕ್ಸಿಡಿನ್, ಮತ್ತು ಅಲ್ಲಿ ‘ಮ್ಯಾಜಿಕ್’ ಎಂದೇ ಕರೆಯುವ ಮರಗಟ್ಟಿಸುವ ಔಷಧಿಯ ಮಿಶ್ರಣ, ಈ ಮೂರನ್ನೂ ಪರೀಕ್ಷೆಗೊಡ್ಡಿದರು. ಜೊತೆಗೆ ಎಲ್ಲ ರೋಗಿಗಳಿಗೂ ಬಾಯಿಯ ಆರೈಕೆಯನ್ನು ದಾದಿಯರು ಕ್ರಮಬದ್ಧವಾಗಿ ಕಲಿಸಿದರು. 200 ರೋಗಿಗಳಲ್ಲಿ 142 ಜನರ ಹುಣ್ಣು 12 ದಿನಗಳೊಳಗೆ ವಾಸಿಯಾಯಿತು; ಮೂರು ದ್ರಾವಣಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ; ಆದ್ದರಿಂದ ಅತ್ಯಂತ ಅಗ್ಗವಾದ ಉಪ್ಪು ಸೋಡಾ ನೀರೇ ಸಾಕು ಎಂಬುದು ಅವರ ತೀರ್ಮಾನ. 2003ರಲ್ಲಿ ವಿಕಿರಣ ಚಿಕಿತ್ಸೆಯ ರೋಗಿಗಳಲ್ಲಿ ಸುಕ್ರಾಲ್ಫೇಟ್ ಎಂಬ ದುಬಾರಿ ದ್ರಾವಣವನ್ನು ಅದೇ ಉಪ್ಪು ಸೋಡಾ ನೀರಿನೊಂದಿಗೆ ಹೋಲಿಸಿದಾಗಲೂ ಹೆಚ್ಚುಕಡಿಮೆ ಇದೇ ಉತ್ತರ ಬಂತು.

ಆ ಲೇಖನಗಳನ್ನು ಓದಿದಾಗ ನನಗೆ ಸಂತೋಷವಾದದ್ದು ನಮ್ಮ ಇನ್‌ಚಾರ್ಜ್ ಸಿಸ್ಟರ್ ಗೆದ್ದರು ಎಂಬುದಕ್ಕಷ್ಟೇ ಅಲ್ಲ. ದಾದಿಯೊಬ್ಬಳು ತನ್ನ ಕೈಯಿಂದ ದಿನವೂ ಮಾಡುವ, ಯಾರೂ ದೊಡ್ಡದೆಂದು ಎಣಿಸದ ಒಂದು ಕೆಲಸವನ್ನು ಎತ್ತಿಕೊಂಡು, ರೋಗಿಯ ಬಾಯೊಳಗೆ ಆದದ್ದನ್ನೇ ಅಳೆದು, ಏನೂ ವ್ಯತ್ಯಾಸವಿಲ್ಲ ಎಂಬ ಉತ್ತರವನ್ನು ಕೂಡ ಮುಚ್ಚಿಡದೆ ಪ್ರಕಟಿಸಬಹುದು ಎಂಬುದು ಹೊಸತಾಗಿತ್ತು. ವ್ಯತ್ಯಾಸವಿಲ್ಲ ಎಂಬ ಫಲಿತಾಂಶದಿಂದಲೇ ಬಡ ರೋಗಿಯೊಬ್ಬನ ಔಷಧಿ ಅಂಗಡಿಯ ಬಿಲ್ಲು ಕಡಿಮೆಯಾಗುತ್ತದೆ ಎಂಬುದನ್ನು ನನ್ನ ಪಠ್ಯಪುಸ್ತಕಗಳು ಹೇಳಿಕೊಟ್ಟಿರಲಿಲ್ಲ.

ಎಂ.ಎಸ್ಸಿ. ಮುಗಿದ ಮೇಲೆ ಒಂದು ಕಾಲೇಜಿನಲ್ಲಿ ಅಧ್ಯಾಪಕಿಯಾಗಿ ಸೇರಿದೆ. ನಮ್ಮ ದೇಶದ ನರ್ಸಿಂಗ್ ವ್ಯವಸ್ಥೆಯ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ವೈದ್ಯಕೀಯ ಪ್ರಾಧ್ಯಾಪಕರು ರೋಗಿಯನ್ನೂ ನೋಡುತ್ತಾರೆ, ಪಾಠವನ್ನೂ ಮಾಡುತ್ತಾರೆ. ನರ್ಸಿಂಗ್‌ನಲ್ಲಿ ಹಾಗಲ್ಲ, ಓದು ಹೆಚ್ಚಿದಷ್ಟೂ ಮಂಚ ದೂರವಾಗುತ್ತದೆ. ಸ್ಟಾಫ್ ನರ್ಸ್, ಇನ್‌ಚಾರ್ಜ್, ಸೂಪರಿಂಟೆಂಡೆಂಟ್ ಎಂಬುದು ಒಂದು ಏಣಿ. ಟ್ಯೂಟರ್, ಉಪನ್ಯಾಸಕಿ, ಪ್ರಾಧ್ಯಾಪಕಿ ಎಂಬುದು ಇನ್ನೊಂದು ಏಣಿ. ಒಂದರಿಂದ ಇನ್ನೊಂದಕ್ಕೆ ಹತ್ತಿದವರು ಮರಳುವುದು ವಿರಳ. ವಾರ್ಡಿನಲ್ಲಿರುವವರಿಗೆ ಪ್ರಶ್ನೆಗಳಿರುತ್ತವೆ, ಬರೆಯಲು ಪುರುಸೊತ್ತಿರುವುದಿಲ್ಲ. ಕಾಲೇಜಿನಲ್ಲಿರುವವರಿಗೆ ಬರೆಯಬೇಕೆಂಬ ಒತ್ತಾಯವಿರುತ್ತದೆ, ಪ್ರಶ್ನೆಗಳಿರುವುದಿಲ್ಲ. ಎಸ್‌ಟಿಪಿಗಳ ಕಪಾಟು ತುಂಬಿದ್ದಕ್ಕೆ ಮೂಲ ಕಾರಣ ಇದೇ ಎಂದು ನನ್ನ ಅಭಿಪ್ರಾಯ. ಪ್ರಾಂಶುಪಾಲರನ್ನು ಒಪ್ಪಿಸಿ, ವಿದ್ಯಾರ್ಥಿಗಳ ಪೋಸ್ಟಿಂಗ್ ಜೊತೆಗೆ ಹೊಂದಿಸಿಕೊಂಡು, ವಾರದ ಕೆಲವು ಬೆಳಗುಗಳನ್ನು ಹಳೆಯ ವಾರ್ಡಿನಲ್ಲಿ ಕಳೆಯುವ ಏರ್ಪಾಡು ಮಾಡಿಕೊಂಡೆ. ಇದು ಯಾವ ನಿಯಮದಲ್ಲಿಯೂ ಇರಲಿಲ್ಲ, ಯಾವ ನಿಯಮಕ್ಕೂ ವಿರುದ್ಧವಾಗಿಯೂ ಇರಲಿಲ್ಲ.

ಪಿಎಚ್.ಡಿ.ಯ ಪ್ರವೇಶ ಪರೀಕ್ಷೆ, ಸಂದರ್ಶನ, ಮಾರ್ಗದರ್ಶಕರ ಹುಡುಕಾಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನರ್ಸಿಂಗ್‌ನಲ್ಲಿ ಪಿಎಚ್.ಡಿ. ಪಡೆದವರೇ ಕಡಿಮೆಯಿದ್ದಾಗ ಮಾರ್ಗದರ್ಶಕರ ಕೊರತೆ ಇರುವುದು ಆಶ್ಚರ್ಯವಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಜೊತೆಗೂಡಿ ಪಿಎಚ್.ಡಿ.ಗಾಗಿಯೇ ರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿದ್ದು ಆ ಕೊರತೆಯನ್ನು ನೀಗಿಸುವುದಕ್ಕೆ. ನನಗೆ ಸಿಕ್ಕ ಮಾರ್ಗದರ್ಶಕಿ ಮೊದಲ ಭೇಟಿಯಲ್ಲಿಯೇ, “ನೋಡಮ್ಮ, ಯಾವ ನೀರು ಒಳ್ಳೆಯದು ಅನ್ನೋದು ಅಮೆರಿಕದಲ್ಲಿ ಮುಗಿದ ವಿಚಾರ. ನೀನು ಮತ್ತೆ ಅದನ್ನೇ ಮಾಡ್ತೀನಿ ಅಂದ್ರೆ ನಾನು ಸಹಿ ಹಾಕೋದಿಲ್ಲ. ನಿಮ್ಮ ವಾರ್ಡಿನಲ್ಲಿ ಆ ನೀರು ಯಾಕೆ ರೋಗಿಯ ಬಾಯಿಗೆ ಹೋಗ್ತಿಲ್ಲ ಅನ್ನೋದನ್ನ ಹೇಳು,” ಎಂದರು. ಆ ಒಂದು ಮಾತು ನನ್ನ ಕೆಲಸದ ದಿಕ್ಕನ್ನು ಬದಲಿಸಿತು. ದ್ರಾವಣಗಳ ಹೋಲಿಕೆಯನ್ನು ಕೈಬಿಟ್ಟು, ಒಂದು ಕ್ರಮವನ್ನು ರೂಪಿಸುವ ಕಡೆಗೆ ಹೊರಳಿದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ; ಎಚ್ಚರವಿರುವಾಗಲೆಲ್ಲ ಕೆಲವು ತಾಸಿಗೊಮ್ಮೆ ಮುಕ್ಕಳಿಸುವುದು; ಇದ್ದಿಲು, ಬೂದಿ, ಇಟ್ಟಿಗೆ ಪುಡಿಗಳನ್ನು ಬಿಟ್ಟು ಮಕ್ಕಳ ಮೆತ್ತನೆಯ ಬ್ರಷ್ ಬಳಸುವುದು; ದಿನಕ್ಕೊಮ್ಮೆ ದಾದಿ ಟಾರ್ಚ್ ಹಿಡಿದು ಬಾಯಿ ನೋಡಿ ದರ್ಜೆಯನ್ನು ಚಾರ್ಟಿನಲ್ಲಿ ಬರೆಯುವುದು; ದರ್ಜೆ ಎರಡಕ್ಕೆ ಏರಿದ ದಿನವೇ ನೋವಿನ ಔಷಧಿ ಮತ್ತು ಆಹಾರದ ಬದಲಾವಣೆಗಾಗಿ ವೈದ್ಯರಿಗೆ ತಿಳಿಸುವುದು. ಇದರಲ್ಲಿ ಹೊಸ ಪದಾರ್ಥ ಯಾವುದೂ ಇಲ್ಲ. ಹೊಸತೆಂದರೆ ಇವೆಲ್ಲವೂ ಒಂದೇ ಹಾಳೆಯಲ್ಲಿ, ಪಾಳಿ ಬದಲಾದರೂ ಬದಲಾಗದಂತೆ ಇರುವುದು.

ಅಧ್ಯಯನದ ವಿನ್ಯಾಸವೇ ಅತ್ಯಂತ ಕಷ್ಟದ ಭಾಗವಾಯಿತು. ಪಠ್ಯಪುಸ್ತಕದ ಪ್ರಕಾರ ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಕ್ರಮವನ್ನೂ ಇನ್ನೊಂದಕ್ಕೆ ಎಂದಿನ ಆರೈಕೆಯನ್ನೂ ಕೊಡಬೇಕು. ಮುಖ್ಯ ಅಧ್ಯಯನಕ್ಕೆ ಮುಂಚಿನ ಸಣ್ಣ ಪ್ರಯೋಗದಲ್ಲಿ ಹಾಗೆಯೇ ಮಾಡಿ ನೋಡಿದೆವು. ಆದರೆ ವಿಕಿರಣ ಚಿಕಿತ್ಸೆಯ ರೋಗಿಗಳಲ್ಲಿ ಹಲವರು ಆರೇಳು ವಾರಗಳ ಕಾಲ ಒಂದೇ ಧರ್ಮಶಾಲೆಯಲ್ಲಿ ಅಕ್ಕಪಕ್ಕ ಚಾಪೆ ಹಾಸಿಕೊಂಡು ಇರುವವರು. ಒಲೆ ಒಂದೇ, ನೀರು ಕಾಯಿಸುವ ಪಾತ್ರೆ ಒಂದೇ, ಸುಖದುಃಖವೂ ಹೆಚ್ಚುಕಡಿಮೆ ಒಂದೇ. ಮಂಡ್ಯದ ಕಡೆಯ ಒಬ್ಬ ಅಜ್ಜಿ ನೇರವಾಗಿ ನನ್ನ ಬಳಿಗೆ ಬಂದು, “ಯಾಕವ್ವ, ಆ ಪಕ್ಕದವ್ರಿಗೆ ಪುಡಿ ಕೊಟ್ಟಿದೀಯ, ನನಗಿಲ್ವಾ? ನಾನೇನು ಪಾಪ ಮಾಡಿದ್ದೆ?” ಎಂದು ಕೇಳಿದರು. ಅವರಿಗೆ ನಾನು ಉತ್ತರ ಹೇಳುವ ಮೊದಲೇ ಪಕ್ಕದವರು ಅವರಿಗೆ ಅರ್ಧ ಪೊಟ್ಟಣ ಕೊಟ್ಟೂ ಆಗಿತ್ತು. ಹೀಗೆ ಒಂದು ಗುಂಪಿನ ಆರೈಕೆ ಇನ್ನೊಂದಕ್ಕೆ ಹರಿದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಹಂಚಬೇಡಿ ಎಂದು ಹೇಳಬಹುದಿತ್ತು. ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗುತ್ತಿರುವ ಜಾಗದಲ್ಲಿ ಅಂತಹ ಮಾತನ್ನು ಆಡುವುದಕ್ಕೆ ನನಗೆ ಮನಸ್ಸಾಗಲಿಲ್ಲ, ಆಡಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಕೊನೆಗೆ ಕಾಲವನ್ನೇ ಗೋಡೆಯನ್ನಾಗಿ ಮಾಡಿಕೊಂಡೆವು. ಮೊದಲ ಅವಧಿಯಲ್ಲಿ ದಾಖಲಾದ ಎಲ್ಲರಿಗೂ ಎಂದಿನ ಆರೈಕೆ, ಅವರೆಲ್ಲರೂ ಚಿಕಿತ್ಸೆ ಮುಗಿಸಿ ಹೋದ ಮೇಲೆ ವಾರ್ಡಿನ ಸಿಬ್ಬಂದಿಗೆ ತರಬೇತಿ, ಆಮೇಲೆ ಬಂದ ಎಲ್ಲರಿಗೂ ಹೊಸ ಕ್ರಮ. ಇದರಿಂದ ಯಾದೃಚ್ಛಿಕ ಹಂಚಿಕೆಯ ಬಲ ಹೋಗುತ್ತದೆ ಎಂಬುದು ಗೊತ್ತಿತ್ತು. ಎರಡು ಅವಧಿಗಳ ನಡುವೆ ಬೇರೆ ಏನಾದರೂ ಬದಲಾಗಿದ್ದರೆ, ಹೊಸ ವೈದ್ಯರು ಬಂದಿದ್ದರೆ, ಯಂತ್ರ ಕೆಟ್ಟಿದ್ದರೆ, ಅದರ ಪರಿಣಾಮವೂ ನಮ್ಮ ಲೆಕ್ಕಕ್ಕೆ ಸೇರಿಬಿಡಬಹುದು. ಆದ್ದರಿಂದ ಪ್ರತಿಯೊಬ್ಬ ರೋಗಿಯ ಚಿಕಿತ್ಸೆ ತಪ್ಪಿದ ಪ್ರತಿಯೊಂದು ದಿನಕ್ಕೂ ಕಾರಣವನ್ನು ಬರೆದಿಡಲು ನಿರ್ಧರಿಸಿದೆವು. ಬಾಯಿನೋವು, ಜ್ವರ, ರಕ್ತದ ಎಣಿಕೆ ಇಳಿದದ್ದು, ಯಂತ್ರದ ದುರಸ್ತಿ, ಹಬ್ಬ, ಊರಿನಲ್ಲಿ ಸಾವು, ಬಸ್ಸಿಗೆ ದುಡ್ಡಿಲ್ಲದಿರುವುದು. ಈ ಪಟ್ಟಿ ಮುಂದೆ ನನ್ನನ್ನು ಕಾಪಾಡಿತು.

ನೈತಿಕ ಸಮಿತಿಯ ಮುಂದೆ ಹೋದಾಗ, ವೈದ್ಯರಲ್ಲದ ಸದಸ್ಯರೊಬ್ಬರು ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ಕೇಳಿದರು: ಹೊಸ ಕ್ರಮ ಒಳ್ಳೆಯದೆಂದು ನಿಮಗೆ ಅನ್ನಿಸಿದ್ದರೆ ಮೊದಲ ಅವಧಿಯವರಿಗೆ ಅದನ್ನು ಏಕೆ ಕೊಡುವುದಿಲ್ಲ? ಅನ್ನಿಸುವುದಕ್ಕೂ ಗೊತ್ತಿರುವುದಕ್ಕೂ ಇರುವ ಅಂತರವನ್ನು ಅಳೆಯುವುದೇ ಅಧ್ಯಯನದ ಉದ್ದೇಶವೆಂದೂ, ಮೊದಲ ಅವಧಿಯವರಿಗೆ ಈಗ ಸಿಗುತ್ತಿರುವುದರಲ್ಲಿ ಏನನ್ನೂ ಕಡಿತ ಮಾಡುವುದಿಲ್ಲವೆಂದೂ, ಯಾರ ಬಾಯಿಯಾದರೂ ಮೂರನೆಯ ದರ್ಜೆಗೆ ಹೋದರೆ ಅಧ್ಯಯನವನ್ನು ಲೆಕ್ಕಿಸದೆ ತಕ್ಷಣ ವೈದ್ಯರಿಗೆ ತಿಳಿಸುತ್ತೇನೆಂದೂ ಬರೆದುಕೊಟ್ಟೆ. ಅನುಮತಿ ದೊರೆತ ಮೇಲೆ, ಮೊದಲ ರೋಗಿಯನ್ನು ಸೇರಿಸುವ ಮುನ್ನ, ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅಧ್ಯಯನವನ್ನು ದಾಖಲಿಸಬೇಕು. ಅಳೆಯುವುದು ಏನನ್ನು, ಯಾವಾಗ ಎಂಬುದನ್ನು ಮುಂಚೆಯೇ ಸಾರ್ವಜನಿಕವಾಗಿ ಬರೆದಿಟ್ಟ ಮೇಲೆ, ಫಲಿತಾಂಶ ನೋಡಿಕೊಂಡು ಪ್ರಶ್ನೆಯನ್ನು ತಿದ್ದುವ ಆಸೆಗೆ ಅವಕಾಶವಿರುವುದಿಲ್ಲ. ಓದು ಬಾರದ ರೋಗಿಗಳ ವಿಷಯದಲ್ಲಿ, ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರು ಒಪ್ಪಿಗೆ ಪತ್ರವನ್ನು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕೆಂಬ ನಿಯಮವಿದೆ. ಹೆಬ್ಬೆಟ್ಟು ಎಂದ ಕೂಡಲೇ ಜಮೀನು ಬರೆಸಿಕೊಳ್ಳುತ್ತಾರೆಂದು ಹೆದರಿ ಎದ್ದು ಹೋದವರಿದ್ದಾರೆ. ಅವರನ್ನು ಮತ್ತೆ ಕರೆಯಲು ನಾನು ಹೋಗಲಿಲ್ಲ. ಬೇಡವೆನ್ನುವ ಹಕ್ಕು ಅವರದು.

ಮಾಹಿತಿ ಸಂಗ್ರಹದ ತಿಂಗಳುಗಳಲ್ಲಿ ನಾನು ಕಲಿತದ್ದು ಯಾವ ತರಗತಿಯಲ್ಲಿಯೂ ಸಿಗುವಂತಹದ್ದಲ್ಲ. ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಎಂದು ಕೇಳಿದರೆ ಹಿರಿಯರು ತಬ್ಬಿಬ್ಬಾಗುತ್ತಿದ್ದರು. ರೂಪಾಯಿಗೆ ಎಷ್ಟಾಣೆ ನೋವು ಎಂದರೆ “ಹನ್ನೆರಡಾಣೆ ಐತಿ ನೋಡ್ರಿ ಸಿಸ್ಟರ್,” ಎಂದು ತಕ್ಷಣ ಹೇಳುತ್ತಿದ್ದರು. ಆಣೆಯ ಲೆಕ್ಕ ಪ್ರಮಾಣೀಕೃತ ಮಾಪನವಲ್ಲವಾದ್ದರಿಂದ ಪ್ರಬಂಧದಲ್ಲಿ ಮುಖಗಳ ಚಿತ್ರವಿರುವ ಮಾಪನವನ್ನೇ ಬಳಸಿದೆ, ಆದರೆ ವಾರ್ಡಿನಲ್ಲಿ ಇಂದಿಗೂ ಆಣೆಯಲ್ಲಿಯೇ ಕೇಳುತ್ತೇನೆ. ಬಾಯಿ ತೆರೆಯಲಾಗದಿರುವುದು ಇನ್ನೊಂದು ತೊಡಕು. ಅಡಿಕೆ ಅಗಿದು ಅಗಿದು ಕೆನ್ನೆಯೊಳಗೆ ನಾರು ಕಟ್ಟಿಕೊಂಡವರ ಹಲ್ಲುಗಳ ನಡುವೆ ಎರಡು ಬೆರಳು ಕೂಡ ಹೋಗುವುದಿಲ್ಲ. ಅವರ ಬಾಯೊಳಗಿನ ದರ್ಜೆಯನ್ನು ನೋಡುವುದೇ ಕಷ್ಟ. ನೋಡುವವರಿಗೆ ಯಾವ ಅವಧಿಯ ರೋಗಿ ಎಂದು ತಿಳಿದಿದ್ದರೆ ಅರಿವಿಲ್ಲದೆಯೇ ಪಕ್ಷಪಾತ ಬರಬಹುದು. ಅದಕ್ಕಾಗಿ ಬಾಯಿಯ ಛಾಯಾಚಿತ್ರಗಳನ್ನು ತೆಗೆದು, ದಿನಾಂಕ ಅಳಿಸಿ, ಸಂಖ್ಯೆ ಕೊಟ್ಟು, ಎರಡೂ ಅವಧಿಯವನ್ನು ಕಲಸಿ, ವಾರ್ಡಿಗೆ ಸಂಬಂಧವಿಲ್ಲದ ದಂತವೈದ್ಯರೊಬ್ಬರಿಗೆ ಒಪ್ಪಿಸಿದೆವು. ಅವರು ಕೊಟ್ಟ ದರ್ಜೆಗೂ ವಾರ್ಡಿನ ಸಿಸ್ಟರುಗಳು ಕೊಟ್ಟ ದರ್ಜೆಗೂ ಹೆಚ್ಚಿನ ಕಡೆ ತಾಳೆಯಾಯಿತು. ದಾದಿಯ ಕಣ್ಣನ್ನು ನಂಬಬಹುದು ಎಂಬುದಕ್ಕೆ ಅದು ನನಗೆ ದೊರೆತ ಮೊದಲ ಲಿಖಿತ ಆಧಾರ, ಮತ್ತು ಇಡೀ ಪ್ರಬಂಧದಲ್ಲಿ ನನಗೆ ಅತ್ಯಂತ ಪ್ರಿಯವಾದ ಕೋಷ್ಟಕ ಅದೇ.

ಫಲಿತಾಂಶ ಬೆರಗುಗೊಳಿಸುವಂತಹದ್ದೇನೂ ಆಗಿರಲಿಲ್ಲ. ಎರಡೂ ಅವಧಿಗಳಲ್ಲಿ ಬಹುತೇಕ ಎಲ್ಲರಿಗೂ ಹುಣ್ಣಾಯಿತು. 60 ಗ್ರೇ ದಾಟುವ ವಿಕಿರಣಕ್ಕೆ ಉಪ್ಪು ನೀರು ಅಡ್ಡಗಟ್ಟುತ್ತದೆಂದು ಯಾರೂ ನಿರೀಕ್ಷಿಸಬಾರದು. ದೇಹದ ತೂಕ ಇಳಿಯುವುದರಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಬಾಯಿನೋವಿನ ಕಾರಣದಿಂದ ಚಿಕಿತ್ಸೆ ತಪ್ಪಿದ ದಿನಗಳು ಮಾತ್ರ ಎರಡನೆಯ ಅವಧಿಯಲ್ಲಿ ಕಡಿಮೆಯಿದ್ದವು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ನೇರವಾಗಿ ಅಲ್ಲಿಗೇ ಬಂದರು: ಎರಡನೆಯ ಅವಧಿಯಲ್ಲಿ ಯಂತ್ರ ಸರಿಯಾಗಿ ನಡೆದಿರಬಹುದಲ್ಲ? ಆಗ ನಮ್ಮ ಕಾರಣಗಳ ಪಟ್ಟಿಯನ್ನು ತೆರೆದು, ಯಂತ್ರದ ದುರಸ್ತಿಗೆ ಹೋದ ದಿನಗಳನ್ನು ಬೇರೆಯಾಗಿ ತೋರಿಸಿದೆ. ಅವರು ತಲೆಯಾಡಿಸಿದರೂ ಬಿಡಲಿಲ್ಲ. ನೀರಿನಿಂದ ಆದದ್ದೋ, ದಾದಿ ದಿನವೂ ಬಾಯಿ ನೋಡಿದ್ದರಿಂದ ಆದದ್ದೋ ಎಂದು ಮತ್ತೆ ಕೇಳಿದರು. ಈ ವಿನ್ಯಾಸದಲ್ಲಿ ಅವೆರಡನ್ನೂ ಬೇರ್ಪಡಿಸಲಾಗುವುದಿಲ್ಲ ಎಂದು ಹೇಳಿದೆ. ನನ್ನ ಊಹೆಯಂತೂ ಟಾರ್ಚಿನ ಕಡೆಗಿದೆ. ನಾಳೆ ಬೆಳಿಗ್ಗೆ ಸಿಸ್ಟರ್ ಬಂದು ಬಾಯಿ ತೆರೆಸುತ್ತಾರೆ ಎಂದು ಗೊತ್ತಿರುವವರು ಮುಕ್ಕಳಿಸದೆ ಇರುವುದಿಲ್ಲ. ದಿನವೂ ನೋಡುವ ಸಿಸ್ಟರ್ ನೋವು ಮಿತಿಮೀರುವ ಮುನ್ನವೇ ವೈದ್ಯರನ್ನು ಕರೆಯುತ್ತಾರೆ.

ಈಗ ನನ್ನ ಹೆಚ್ಚಿನ ಸಮಯ ಬೋಧನೆಯಲ್ಲಿ ಕಳೆಯುತ್ತದೆ. ಬಿ.ಎಸ್ಸಿ., ಎಂ.ಎಸ್ಸಿ. ತರಗತಿಗಳಲ್ಲದೆ ಆಂಕಾಲಜಿ ನರ್ಸಿಂಗ್‌ನ ಒಂದು ವರ್ಷದ ಡಿಪ್ಲೊಮಾಕ್ಕೂ ಪಾಠ ಮಾಡುತ್ತೇನೆ. ಕ್ಯಾನ್ಸರ್ ವಾರ್ಡಿಗೆ ಬೇಕಾದ ದಾದಿಯರನ್ನು ನಿಜವಾಗಿ ತಯಾರು ಮಾಡುವುದು ಆ ಡಿಪ್ಲೊಮಾ ಎಂದು ನಾನು ಭಾವಿಸಿದ್ದೇನೆ, ಅದಕ್ಕೆ ಸಿಗುವ ಮರ್ಯಾದೆ ಮಾತ್ರ ಬಹಳ ಕಡಿಮೆ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಪ್ರಾಣವೇ ಹೋಗುತ್ತದೆ, ಆದ್ದರಿಂದ ಅದನ್ನು ಸಿರಿಂಜಿನಲ್ಲಿ ತುಂಬದೆ ಸಣ್ಣ ಚೀಲದಲ್ಲಿ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಸಿತು. ಕೆಲವು ಕೀಮೋ ಔಷಧಿಗಳು ರಕ್ತನಾಳದಿಂದ ಹೊರಗೆ ಸೋರಿದರೆ ಕೈಯ ಮಾಂಸವೇ ಕೊಳೆಯುತ್ತದೆ. ಬಿಳಿ ರಕ್ತಕಣಗಳು ಇಳಿದಿರುವಾಗ ಜ್ವರ ಬಂದರೆ ಒಂದು ತಾಸಿನೊಳಗೆ ಆ್ಯಂಟಿಬಯಾಟಿಕ್ ಶುರುವಾಗಬೇಕು. ಇವನ್ನೆಲ್ಲ ಕಂಠಪಾಠ ಮಾಡಿಸುವುದು ಸುಲಭ. ಬಾಯಿಯ ಆರೈಕೆಯನ್ನು ಕಲಿಸಲು ನಾನು ಬೇರೆ ದಾರಿ ಹಿಡಿದಿದ್ದೇನೆ. ವಿದ್ಯಾರ್ಥಿಗಳು ಒಂದು ಇಡೀ ದಿನ, ಬೆಳಗಿನಿಂದ ಮಲಗುವವರೆಗೆ, ರೋಗಿಗೆ ಹೇಳುವ ಕ್ರಮವನ್ನು ತಾವೇ ಪಾಲಿಸಿ, ತಪ್ಪಿಸಿದ ಪ್ರತಿ ಸಲಕ್ಕೂ ಕಾರಣವನ್ನು ಬರೆಯಬೇಕು. ತರಗತಿಯಿತ್ತು, ಬಸ್ಸಿನಲ್ಲಿದ್ದೆ, ಮರೆತೆ, ಬಾಯಿ ಸಪ್ಪೆಯೆನಿಸಿತು, ಉಗುಳಲು ಜಾಗವಿರಲಿಲ್ಲ ಎಂಬ ಕಾರಣಗಳು ಬರುತ್ತವೆ. ಹುಣ್ಣಿಲ್ಲದ ಬಾಯಿಗೇ ಇಷ್ಟು ಕಷ್ಟವಾದರೆ ಹುಣ್ಣಾದ ಬಾಯಿಗೆ ಎಷ್ಟು ಎಂದು ನಾನು ಆಮೇಲೆ ಹೇಳಬೇಕಾಗುವುದಿಲ್ಲ. ಉಗುಳಲು ಜಾಗವಿಲ್ಲ ಎಂಬ ದೂರು ಬಂದ ಮೇಲೆಯೇ ನಮ್ಮ ವಾರ್ಡಿನಲ್ಲಿ ಪ್ರತಿ ಮಂಚದ ಪಕ್ಕ ಮುಚ್ಚಳವಿರುವ ಬಕೆಟ್ ಬಂತು.

ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದಿಂದ, ಬಂಗಾಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳು ಬಹಳ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ರೋಗಿ ರಾಯಚೂರಿನ ಅಥವಾ ಚಾಮರಾಜನಗರದ ಕನ್ನಡದಲ್ಲಿ ಮಾತಾಡುತ್ತಾನೆ. ಆದ್ದರಿಂದ ಪ್ರಾಯೋಗಿಕ ಪರೀಕ್ಷೆಯಲ್ಲಿ, ಬಾಯಿ ಮುಕ್ಕಳಿಸುವ ಕ್ರಮವನ್ನು ಕನ್ನಡದಲ್ಲಿ ರೋಗಿಗೆ ವಿವರಿಸಿ, ಅವರಿಂದ ಮತ್ತೆ ಹೇಳಿಸುವುದಕ್ಕೂ ಅಂಕ ಇಟ್ಟಿದ್ದೇನೆ. ಮೊದಲ ವರ್ಷ ಗೊಣಗಾಟವಾಯಿತು. ಕೋಟ್ಟಯಂ ಕಡೆಯ ವಿದ್ಯಾರ್ಥಿನಿಯೊಬ್ಬಳು “ಅಜ್ಜಾ, ಬಾಯಿ ತೆಗೀರಿ, ಖಾರ ತಿಂದ್ರಾ?” ಎಂದು ಗದರುವುದನ್ನು ಕೇಳಿದ ಮೇಲೆ ಗೊಣಗಾಟಕ್ಕೆ ನಾನು ಹೆಚ್ಚು ಬೆಲೆ ಕೊಡಲಿಲ್ಲ.

ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವಾಗ ಒಂದು ಷರತ್ತು ಹಾಕುತ್ತೇನೆ: ಅಳೆಯುವುದು ರೋಗಿಯ ದೇಹದಲ್ಲಿ ಅಥವಾ ಬದುಕಿನಲ್ಲಿ ಆದ ಬದಲಾವಣೆಯನ್ನಾಗಿರಬೇಕು, ಪ್ರಶ್ನಾವಳಿಯ ಅಂಕವನ್ನಲ್ಲ. ಇದರಿಂದ ನನ್ನ ಬಳಿ ಬರುವವರು ಕಡಿಮೆಯಾಗಿದ್ದಾರೆ, ಬಂದವರ ಕೆಲಸ ನಿಗದಿತ ಸಮಯಕ್ಕೆ ಮುಗಿಯುವುದೂ ಕಷ್ಟ. ವಾರ್ಡಿನಲ್ಲಿಯೂ ಎಲ್ಲವೂ ಸುಸೂತ್ರವಾಗಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಇಡೀ ವಾರ್ಡನ್ನು ನೋಡಿಕೊಳ್ಳಬೇಕಾದ ದಿನಗಳಲ್ಲಿ, ಬಾಯಿ ನೋಡದೆಯೇ ನಿನ್ನೆಯ ದರ್ಜೆಯನ್ನು ಇಂದಿನ ಚೌಕಕ್ಕೆ ನಕಲು ಮಾಡಿರುವುದು ಚಾರ್ಟು ನೋಡಿದರೆ ಗೊತ್ತಾಗುತ್ತದೆ. ಅವರನ್ನು ಕೇಳುವ ಬದಲು, ಬಾಯಿ ನೋಡುವ ಕೆಲಸವನ್ನು ಬೆಳಗಿನ ಪಾಳಿಗೆ ವರ್ಗಾಯಿಸಿದೆವು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಮ್ಯೂಕೋಸೈಟಿಸ್ ತಡೆಯಲು ಕಡಿಮೆ ಶಕ್ತಿಯ ಲೇಸರ್ ಬೆಳಕನ್ನು ಬಾಯೊಳಗೆ ಹಾಯಿಸುವ ವಿಧಾನವನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಈಗ ಶಿಫಾರಸು ಮಾಡುತ್ತವೆ. ಆ ಉಪಕರಣ ನಮ್ಮಂತಹ ವಾರ್ಡುಗಳಿಗೆ ಬಂದಾಗ ಅದನ್ನು ದಿನವೂ ಹಿಡಿಯುವವರು ಯಾರು ಎಂಬ ಮಾತು ಇನ್ನೂ ಶುರುವಾಗಿಲ್ಲ.

ವಿಕಿರಣ ಮುಗಿದ ಮೇಲೂ ಹುಣ್ಣು ಎರಡರಿಂದ ನಾಲ್ಕು ವಾರಗಳ ಕಾಲ ಉಳಿಯುತ್ತದೆ. ಆ ಹೊತ್ತಿಗೆ ರೋಗಿ ಊರಿಗೆ ಹೋಗಿರುತ್ತಾನೆ, ನಮ್ಮ ಚಾರ್ಟು ಅಲ್ಲಿಗೆ ಮುಗಿದಿರುತ್ತದೆ. ನನ್ನ ಈಗಿನ ವಿದ್ಯಾರ್ಥಿನಿ, ಕೊಪ್ಪಳದವಳು, ಆ ವಾರಗಳನ್ನೇ ತನ್ನ ವಿಷಯವಾಗಿ ಆರಿಸಿಕೊಂಡಿದ್ದಾಳೆ. ಊರಿಗೆ ಹೋದವರಿಗೆ ವಾರಕ್ಕೆ ಎರಡು ಸಲ ಫೋನ್ ಮಾಡಿ, ಏನು ತಿನ್ನುತ್ತಿದ್ದಾರೆ, ನೋವು ಎಷ್ಟು, ಮುಕ್ಕಳಿಸುತ್ತಿದ್ದಾರೋ ಇಲ್ಲವೋ ಎಂದು ಕೇಳಿ ಬರೆದುಕೊಳ್ಳುತ್ತಾಳೆ, ಬೇಕಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲು ಹೇಳುತ್ತಾಳೆ. ಫೋನನ್ನು ಮನೆಯ ಗಂಡಸರು ಹೊಲಕ್ಕೆ ಒಯ್ಯುವುದರಿಂದ ಹೆಂಗಸರಾದ ರೋಗಿಗಳು ಹಗಲಿನಲ್ಲಿ ಸಿಗುವುದಿಲ್ಲ ಎಂಬುದು ಮೊದಲ ವಾರವೇ ಅವಳಿಗೆ ತಿಳಿಯಿತು. ಕರೆಯ ಸಮಯವನ್ನು ರಾತ್ರಿ ಎಂಟರ ನಂತರಕ್ಕೆ ಬದಲಿಸಲು ನೈತಿಕ ಸಮಿತಿಗೆ ತಿದ್ದುಪಡಿಯ ಅರ್ಜಿ ಕೊಟ್ಟಿದ್ದೇವೆ.